ನಾಲೆ ಬಯಲಲ್ಲಿ ಸ್ವಂತ ಜಾಗ ಇದೆ, ಮಂಡ್ಯದಲ್ಲಿ ಸೆಲ್ಫ್ ಸ್ಟೋರೇಜ್ ಕಟ್ಟಿದರೆ ನಡೆಯುತ್ತಾ? ಶೆಡ್ಡಾ, ಕಂಟೇನರಾ?

"ಸ್ವಂತ ಜಾಗ, ಬಾಡಿಗೆ ಖರ್ಚಿಲ್ಲ" ಅಂತ ಬರೆದಿದ್ದೀರಲ್ಲ, ನಾನೂ ಮನೆಯಲ್ಲಿ ಇದೇ ಮಾತು ಹೇಳಿ ಅಪ್ಪನನ್ನು ಒಪ್ಪಿಸಿದ್ದು. ನಮ್ಮದೂ ವಿಶ್ವೇಶ್ವರಯ್ಯ ನಾಲೆ ಬಯಲಿನ ಗದ್ದೆ. ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ಸೆಲ್ಫ್ ಸ್ಟೋರೇಜ್ ನೋಡಿದ್ದೆ. ಜನ ತಮ್ಮ ಸಾಮಾನು ಇಡೋಕೆ ಶಟರ್ ಹಾಕಿದ ಸಾಲು ಕೋಣೆಗಳು, ತಿಂಗಳ ಬಾಡಿಗೆ, ಬೀಗದ ಕೈ ಗಿರಾಕಿ ಹತ್ತಿರವೇ. ನಮ್ಮೂರಲ್ಲೂ ಆಗಲಿ ಅಂತ ಅಲಿನೇಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸೋದು) ಮಾಡಿಸಿ, ಸಾಲ ತೆಗೆದು, 5x5 ಮತ್ತು 10x10 ಅಡಿ ಕೋಣೆಗಳ ಶೆಡ್ ಎಬ್ಬಿಸಿದೆ.

ಬೇರೆಯವರ ಜಾಗ ಆಗಿದ್ದರೆ ನೂರು ಪ್ರಶ್ನೆ ಕೇಳುತ್ತಿದ್ದೆ. ನಮ್ಮದೇ ಅಂತ ಒಂದೂ ಕೇಳಲಿಲ್ಲ. ಕೆಲಸ ಶುರುವಾಗಿದ್ದು ಬೇಸಿಗೆಯಲ್ಲಿ. ನಾಲೆ ಒಣಗಿತ್ತು, ಗದ್ದೆ ಬಿರುಕು ಬಿಟ್ಟಿತ್ತು. ಕಾಂಕ್ರೀಟಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸೋಣವಾ ಅಂತ ಮೇಸ್ತ್ರಿ ಕೇಳಿದ. ಗೋಡೌನ್ ತಾನೇ, ಅದೆಲ್ಲ ಯಾಕೆ ಅಂದೆ. ಪಾಯವನ್ನೂ ಎತ್ತರಿಸಲಿಲ್ಲ.

ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನಾಲೆಗೆ ನೀರು ಬಿಟ್ಟರು. ಸುತ್ತಲಿನವರೆಲ್ಲ ನಾಟಿ ಹಾಕಿದರು. ಭತ್ತದ ಗದ್ದೆಯಲ್ಲಿ ನೀರು ನಿಂತೇ ಇರುತ್ತೆ, ಅಲ್ವಾ? ಬದು ಅದನ್ನು ಮೇಲೆ ತಡೆಯುತ್ತೆ, ಮಣ್ಣಿನೊಳಗೆ ತಡೆಯಲ್ಲ. ಕಾಂಕ್ರೀಟ್ ನೋಡೋಕೆ ಗಟ್ಟಿ, ಆದರೆ ಒಳಗೆಲ್ಲ ಸಣ್ಣ ಸಣ್ಣ ರಂಧ್ರ. ಬತ್ತಿ ಎಣ್ಣೆ ಎಳೆದ ಹಾಗೆ ಕೆಳಗಿನ ತೇವವನ್ನು ಮೇಲಕ್ಕೆ ಎಳೆಯುತ್ತೆ. ನೀರು ಕಣ್ಣಿಗೆ ಕಾಣೋದೇ ಇಲ್ಲ, ನೆಲ ಸ್ವಲ್ಪ ಕಪ್ಪಾಗುತ್ತೆ ಅಷ್ಟೇ. ಶಟರ್ ಮುಚ್ಚಿದ ಕೋಣೆ, ಗಾಳಿ ಇಲ್ಲ, ಆ ತೇವ ಹೋಗೋದಾದರೂ ಎಲ್ಲಿಗೆ? ಸಾಮಾನಿನ ಮೇಲೇ ಕೂರುತ್ತೆ. ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿ ಪ್ರಕಾರ ನಾಲೆಗೆ ನೀರು ಬಿಟ್ಟು ನಿಲ್ಲಿಸೋ ಪದ್ಧತಿಯಲ್ಲಿ, ನೀರು ನಿಲ್ಲಿಸಿದಾಗ ಒಣಗುತ್ತೆ ಅಂದುಕೊಂಡೆ. ಒಣಗೋ ಮುಂಚೆ ಮತ್ತೆ ನೀರು ಬರುತ್ತಿತ್ತು.

ವರ್ಗವಾಗಿ ಹೋಗಿದ್ದ ಟೀಚರೊಬ್ಬರು ಸಾಮಾನು ಒಯ್ಯೋಕೆ ಬಂದು ಶಟರ್ ಎತ್ತಿದರು. ರಟ್ಟಿನ ಪೆಟ್ಟಿಗೆ ಎತ್ತಿದರೆ ತಳ ನೆಲದಲ್ಲೇ ಉಳಿಯಿತು, ಪುಸ್ತಕವೆಲ್ಲ ಅವರ ಕಾಲ ಮೇಲೆ ಬಿತ್ತು. ಮಂಚದ ಕಾಲಿಗೆ ಬೂಷ್ಟು, ಗೋಡೆ ಬುಡದಲ್ಲಿ ಬಿಳೀ ಉಪ್ಪು. "ಒಂದ್ಸಲ ಆದ್ರೂ ನೋಡ್ಬಾರ್ದಿತ್ತಾ ನೀವು?" ಅಂದರು. ಬೀಗ ಅವರದು, ನಾನು ನೋಡೋದು ಹೇಗೆ? ಈ ವ್ಯಾಪಾರದ ತೊಡಕೇ ಅದು. ಮಾಮೂಲಿ ಗೋಡೌನ್ ಆದರೆ ದಿನಾ ಒಳಗೆ ಓಡಾಡುತ್ತೀರಿ, ವಾಸನೆಗೇ ಗೊತ್ತಾಗುತ್ತೆ. ಇಲ್ಲಿ ಮಾಲೀಕನಿಗೆ ಕೊನೆಯಲ್ಲಿ ಗೊತ್ತಾಗುತ್ತೆ.

ಹಾಕಿದ ಕಾಂಕ್ರೀಟಿನ ಕೆಳಗೆ ಹಾಳೆ ತೂರಿಸೋಕಾಗಲ್ಲ. ಮೇಲೆ ಹಾಸಿ, ಅದರ ಮೇಲೆ ಇನ್ನೊಂದು ಪದರ ಕಾಂಕ್ರೀಟ್ ಹಾಕಿಸಿದೆ. ನೆಲ ಎತ್ತರ ಆಯಿತಲ್ಲ, ಪ್ರತಿ ಶಟರಿನ ಪಟ್ಟಿಯನ್ನೂ ಬುಡದಲ್ಲಿ ಕತ್ತರಿಸಬೇಕಾಯಿತು. ಗದ್ದೆ ಕಡೆ ಬಸಿಗಾಲುವೆ ತೋಡಿಸಿದೆ. ಮೊದಲೇ ಹಾಕಿದ್ದರೆ ಆ ಹಾಳೆ ಇಡೀ ಖರ್ಚಿನಲ್ಲಿ ಲೆಕ್ಕಕ್ಕೇ ಬರುತ್ತಿರಲಿಲ್ಲ.

ನಡೆಯುತ್ತಾ ಅಂತ ಕೇಳಿದಿರಿ. ಮನೆ ಸಾಮಾನು ನಂಬಿಕೊಂಡರೆ ನಡೆಯಲ್ಲ. ನಮ್ಮ ಕಡೆ ಬೇಡದ ಸಾಮಾನು ಅಟ್ಟ ಸೇರುತ್ತೆ, ಇಲ್ಲ ಹಳ್ಳಿ ಮನೆ ಸೇರುತ್ತೆ. ನನಗೆ ತಪ್ಪದೆ ಬಾಡಿಗೆ ಕೊಡುತ್ತಾ ಬಂದವರು ವ್ಯಾಪಾರದವರು. ಶಾಮಿಯಾನದವರು, ಅಡುಗೆ ಕಾಂಟ್ರಾಕ್ಟಿನವರು, ಹಬ್ಬಕ್ಕೆ ಮುಂಚೆ ಸ್ಟಾಕ್ ತರಿಸೋ ಬಟ್ಟೆ ಅಂಗಡಿಯವರು. ಅವರಿಗೆ ಬೇಕಿರೋದು ಅಂಗಡಿಯಿಂದ ಗೂಡ್ಸ್ ಆಟೋ ಕಳಿಸಿದರೆ ತಕ್ಷಣ ವಾಪಸ್ ಬರೋ ಅಷ್ಟು ಹತ್ತಿರದ ಜಾಗ. ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲೇ ಇದೆ ಅಂತ ಬರೆದಿದ್ದೀರಿ. 2023ರಲ್ಲಿ ಉದ್ಘಾಟನೆ ಆದ ಆ ರಸ್ತೆ ಮಂಡ್ಯವನ್ನು ಬೈಪಾಸಿನಲ್ಲೇ ದಾಟುತ್ತೆ. ನಿಮ್ಮ ಬೋರ್ಡು ಓದುತ್ತಾ ಮೈಸೂರಿಗೆ ಹೋಗುತ್ತಾರೆ, ಅಷ್ಟೇ.

ಹಾಗಾಗಿ ಗದ್ದೆಯಲ್ಲಿ ಭತ್ತವೇ ಬೆಳೀರಿ. ಬಾಡಿಗೆ ಉಳಿಯುತ್ತೆ ಅನ್ನೋ ಲೆಕ್ಕ ಬಿಡಿ, ನಾನು ನೆಲಕ್ಕೆ ಸುರಿದ ದುಡ್ಡಿನಲ್ಲಿ ಊರೊಳಗೆ ವರ್ಷಗಟ್ಟಲೆ ಬಾಡಿಗೆ ಕಟ್ಟಬಹುದಿತ್ತು. ಮುಚ್ಚಿರೋ ರೈಸ್ ಮಿಲ್ಲೋ ಹಳೇ ಗೋಡೌನೋ ಹುಡುಕಿ, ತಗಡಿನ ಪಾರ್ಟಿಷನ್ ಹಾಕಿ. ಒಪ್ಪಿಕೊಳ್ಳೋ ಮುಂಚೆ ನಾಲೆಯಲ್ಲಿ ನೀರಿರುವಾಗ ಹೋಗಿ, ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ. ಕಡಿಮೆ ಅಂದರೂ 16 ಗಂಟೆ ಬಿಡಿ. ಎತ್ತಿದಾಗ ಕೆಳಗೆ ಹನಿ ಕಂಡರೆ, ನೆಲ ಕಪ್ಪಾಗಿದ್ದರೆ, ಮಾತಾಡದೆ ಎದ್ದು ಬನ್ನಿ. ಪಟಾಕಿ, ಸಿಲಿಂಡರ್, ಪೆಟ್ರೋಲ್ ಇಡುವಂತಿಲ್ಲ ಅಂತ ಕರಾರಿನಲ್ಲಿ ಬರೆಸಿ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಬಾಡಿಗೆ ಹೇಳುವಾಗ ಶೇ. 18 ನೆನಪಿರಲಿ.

ಕಂಟೇನರ್ ಬೇಡವೇ ಬೇಡ. ಏಪ್ರಿಲ್ ಬಿಸಿಲಿಗೆ ಕಬ್ಬಿಣ ಕಾಯುತ್ತೆ, ಮಳೆಗಾಲದ ರಾತ್ರಿ ತಣ್ಣಗಾದಾಗ ಒಳಗಿನ ಸೂರೇ ಬೆವರುತ್ತೆ. ನನಗೆ ಕೆಳಗಿಂದ ಬಂದ ನೀರು ನಿಮಗೆ ಮೇಲಿಂದ ಬರುತ್ತೆ.