ಬೆಂಗಳೂರಿಗೆ ದೊಡ್ಡ ನದಿ ಏಕಿಲ್ಲ?

ಪ್ರಶ್ನೆ: ಇಷ್ಟೊಂದು ನದಿಗಳಿರುವ ನಮ್ಮ ರಾಜ್ಯದ ರಾಜಧಾನಿಯಲ್ಲೇ ದೊಡ್ಡ ನದಿಯೊಂದು ಹರಿಯದಿರಲು ಕಾರಣವೇನು?
– ಓದುಗರೊಬ್ಬರು, ಬಸವನಗುಡಿ

ಉತ್ತರ: ನದಿಗಳು ತಗ್ಗನ್ನು ಹುಡುಕಿ ಹರಿಯುತ್ತವೆ, ಬೆಂಗಳೂರು ಬೆಳೆದಿರುವುದು ದಕ್ಷಿಣದ ಬಯಲುಸೀಮೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ, ಮಳೆನೀರು ಎರಡು ಕಡೆಗೆ ಇಳಿದುಹೋಗುವ ದಿಣ್ಣೆಯ ಮೇಲೆ. ನಿಮ್ಮ ಬಸವನಗುಡಿಯ ಆಸುಪಾಸಿನಲ್ಲೇ ಹುಟ್ಟುವುದೆನ್ನುವ ವೃಷಭಾವತಿಯು ಪಶ್ಚಿಮದ ಇಳಿಜಾರಿನ ನೀರನ್ನು ಅರ್ಕಾವತಿಗೆ, ಅದರ ಮೂಲಕ ಕಾವೇರಿಗೆ ಒಯ್ಯುತ್ತದೆ. ಪೂರ್ವದ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಆದ್ದರಿಂದಲೇ ಹಿರಿಯರು ಕಣಿವೆಗಳಿಗೆ ಅಡ್ಡಲಾಗಿ ಏರಿ ಕಟ್ಟಿ, ಒಂದು ಕೆರೆಯ ಕೋಡಿ ಹರಿದರೆ ಮುಂದಿನ ಕೆರೆ ತುಂಬುವಂತೆ ಮಾಡಿದ್ದರು. ಆ ಜಾಣ್ಮೆಯ ಬಗ್ಗೆ ನನಗೆ ಅಪಾರ ಗೌರವವಿದೆ. ದಿಣ್ಣೆಯ ಅಡಿಪಾಯವಾದ ಪ್ರಾಚೀನ ನೈಸ್ (ಪಟ್ಟೆಗಳಿರುವ ಒಂದು ಬಗೆಯ ಗಟ್ಟಿ ಕಲ್ಲು) ಶಿಲೆಯನ್ನು ಲಾಲ್‌ಬಾಗ್‌ನ ಬಂಡೆಯಲ್ಲಿ ಇಂದಿಗೂ ಮುಟ್ಟಿ ನೋಡಬಹುದು.