ಕಾಲೇಜು ಬೇಸ್‌ಬಾಲ್‌ನಲ್ಲಿ ಮೈದಾನ ದೊಡ್ಡದಾದರೆ ತಂಡದ ಆಟ ಬದಲಾಗುತ್ತದೆಯೇ?

ಬದಲಾಗುತ್ತದೆ, ಆದರೆ ಬರೀ ಅಳತೆಯಿಂದಲ್ಲ. ಅಮೆರಿಕದ ಒಮಾಹಾ ನಗರವನ್ನೇ ನೋಡಿ. ಅಲ್ಲಿನ ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿಯಾದ ಕಾಲೇಜು ವರ್ಲ್ಡ್ ಸೀರೀಸ್ 2010ರವರೆಗೆ ಈ ನಗರದ ರೋಸೆನ್‌ಬ್ಲಾಟ್ ಮೈದಾನದಲ್ಲಿ ನಡೆಯುತ್ತಿತ್ತು. 2011ರಲ್ಲಿ ಅದೇ ಊರಿನ ಹೊಸ ಮೈದಾನಕ್ಕೆ ಬಂತು. ತಮಾಷೆ ಅಂದರೆ ಎರಡರ ಅಳತೆಯೂ ಒಂದೇ: ಬ್ಯಾಟ್ ಮಾಡುವ ಜಾಗದಿಂದ ಬೇಲಿಗೆ ಬದಿಗಳಲ್ಲಿ 335 ಅಡಿ, ನಡುವೆ 408. ಆದರೂ ಹೋಮ್ ರನ್ (ನಮ್ಮ ಸಿಕ್ಸರ್‌ನಂತೆ ಚೆಂಡು ಬೇಲಿ ದಾಟುವ ಹೊಡೆತ) ದಿಢೀರನೆ ಕುಸಿದವು. 2014ರ ಇಡೀ ಟೂರ್ನಿಯಲ್ಲಿ ಬಂದದ್ದು ಬರೀ ಮೂರು!

ಯಾಕೆ? ಹೊಸ ಮೈದಾನ ಆಗ್ನೇಯಕ್ಕೆ ಮುಖ ಮಾಡಿದೆ, ಹಾಗಾಗಿ ಬೇಸಿಗೆಯ ದಕ್ಷಿಣದ ಗಾಳಿ ಎದುರಿಗೇ ಬೀಸಿ ಎತ್ತರಕ್ಕೆ ಹೋದ ಚೆಂಡನ್ನು ತಡೆಯುತ್ತದೆ. ಜೊತೆಗೆ 2011ರಲ್ಲೇ ಹೊಡೆತದ ಜೋರು ತಗ್ಗಿಸುವ ಹೊಸ ಬ್ಯಾಟ್ ನಿಯಮವೂ ಬಂತು.

ಇಂಥ ಕಡೆ ಗೆಲ್ಲೋದು ಬೇರೆ ಥರದ ತಂಡ. 2013ರ ಟೂರ್ನಿಯಲ್ಲಿ ಯುಸಿಎಲ್‌ಎ (ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ತಂಡ ಐದು ಪಂದ್ಯಗಳಲ್ಲಿ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ನಾಲ್ಕೇ ರನ್, ಮೊದಲೆರಡು ಪಂದ್ಯ ಗೆದ್ದದ್ದು 2-1ರಲ್ಲಿ. ಒಳ್ಳೆ ಪಿಚಿಂಗ್ (ಬ್ಯಾಟರ್‌ಗೆ ಚೆಂಡೆಸೆಯೋದು), ಚುರುಕು ಫೀಲ್ಡಿಂಗ್, ಬಂಟ್ ಮಾಡಿ (ಚೆಂಡನ್ನು ಮೆಲ್ಲಗೆ ತಟ್ಟಿ) ಓಟಗಾರನನ್ನು ಒಂದೊಂದೇ ಬೇಸ್ ಮುಂದೆ ತಳ್ಳೋದು, ಅಷ್ಟೇ. ನಮ್ಮ ಕ್ರಿಕೆಟ್‌ನಲ್ಲಿ ಚಿನ್ನಸ್ವಾಮಿಯ ಚಿಕ್ಕ ಬೌಂಡರಿ ನೋಡಿದವರಿಗೆ ಇದರ ಉಲ್ಟಾ ಲೆಕ್ಕ ಗೊತ್ತೇ ಇದೆ, ಅಲ್ವಾ?

ದೊಡ್ಡ ಮೈದಾನದಲ್ಲಿ ಔಟ್‌ಫೀಲ್ಡರ್‌ಗಳಿಗೆ ಕಾಲಿನ ವೇಗ ಬೇಕೇ ಬೇಕು, ಇಲ್ಲದಿದ್ದರೆ ಅವರ ನಡುವೆ ಬಿದ್ದ ಚೆಂಡು ಬೇಲಿವರೆಗೂ ಉರುಳಿ ಸುಮ್ನೆ ಎರಡು ಮೂರು ಬೇಸ್ ಹೋಗುತ್ತದೆ. ಮತ್ತೆ, 2015ರಲ್ಲಿ ಚೆಂಡಿನ ಉಬ್ಬು ಹೊಲಿಗೆ ತಗ್ಗಿಸಿದರು, ಗಾಳಿಯ ತಡೆ ಕಡಿಮೆಯಾಗಿ ಚೆಂಡು ದೂರ ಹೋಗಲಿ ಅಂತ. ಬೇಲಿ ಮುಂದೆ ತರುವ ಬದಲು ಚೆಂಡನ್ನೇ ಬದಲಿಸಿದ್ದು ಜಾಣತನ ಅಂತಲೇ ನನಗನಿಸುತ್ತದೆ.