ಕ್ಲ್ಯಾಂಪ್ ಮೀಟರ್‌ನಲ್ಲಿ ವ್ಯಾಟ್ ಹುಡುಕುವವರಿಗೆ

ಪ್ರಶ್ನೆ: ನನ್ನ ಕಾರಿನ ಆಂಪ್ಲಿಫೈಯರ್ ಮೇಲೆ 4 ಓಮ್‌ಗೆ 400 ವ್ಯಾಟ್ ಆರ್‌ಎಂಎಸ್ (ಎಡೆಬಿಡದೆ ಕೊಡುವ ಪವರ್) ಅಂತ ಬರೆದಿದೆ. 50 ಹರ್ಟ್ಸ್ ಟೋನ್ ಹಾಕಿ ಸಬ್‌ವೂಫರ್ ವೈರ್‌ಗೆ ಕ್ಲ್ಯಾಂಪ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಿಡಿದೆ. 40 ವೋಲ್ಟ್, 6 ಆಂಪಿಯರ್ ಬಂತು. ಗುಣಿಸಿದರೆ 240. ನನಗೆ ಟೋಪಿ ಹಾಕಿದ್ದಾರಾ?

ಉತ್ತರ: ಅಂಕಿ ಬದಲಾಯಿಸಿ ಇದೇ ಪ್ರಶ್ನೆ ಎಷ್ಟು ಜನ ಕೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಟೋಪಿ ಹಾಕಿದ್ದಾರೆ ಅನ್ನೋದಕ್ಕೆ ಇದು ಸಾಕ್ಷಿ ಅಲ್ಲ ಸ್ವಾಮಿ. ನಿಮ್ಮ ಅಂಕಿಯನ್ನೇ ನೋಡಿ. 4 ಓಮ್‌ಗೆ 400 ವ್ಯಾಟ್ ಹೋಗಬೇಕಾದರೆ 40 ವೋಲ್ಟ್ ಬೇಕು. ಅದನ್ನು ಆಂಪ್ಲಿಫೈಯರ್ ಕೊಟ್ಟಿದೆ. 10 ಆಂಪಿಯರ್ ಎಳೆಯಬೇಕಾಗಿದ್ದ ಸ್ಪೀಕರ್ 6 ಎಳೆದು ಸುಮ್ಮನಾಗಿದೆ. ಯಾಕೆ ಅಂದರೆ ಅದು ಆ ಹೊತ್ತಿನಲ್ಲಿ 4 ಓಮ್ ಆಗಿರಲೇ ಇಲ್ಲ, 40ನ್ನು 6ರಿಂದ ಭಾಗಿಸಿ, ಸುಮಾರು 6.7 ಓಮ್.

ಸ್ಪೀಕರ್ ಮೇಲಿನ 4 ಓಮ್ ಒಂದು ಹೆಸರು ಅಷ್ಟೇ. ಟೋನ್ ಬದಲಾದ ಹಾಗೆ ಅದೂ ಬದಲಾಗುತ್ತದೆ. ಪೆಟ್ಟಿಗೆಯೊಳಗೆ ಕೂತ ಮೇಲೆ ಕೆಲವು ಟೋನ್‌ಗಳಲ್ಲಿ ಎರಡು ಮೂರು ಪಟ್ಟು ಏರುತ್ತದೆ. ಸ್ಪೀಕರ್ ಒಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ಬಿಸಿಯಾದರೆ ಇನ್ನೂ ಏರುತ್ತದೆ. ತಾಮ್ರದ ತಂತಿ 100 ಡಿಗ್ರಿ ಜಾಸ್ತಿ ಕಾದರೆ ಅದರ ರೆಸಿಸ್ಟೆನ್ಸ್ ಹೆಚ್ಚುಕಮ್ಮಿ ಶೇ 40 ಹೆಚ್ಚಾಗುತ್ತದೆ.

ಇನ್ನೊಂದು ವಿಷಯ. ಆ 240 ಕೂಡ ವ್ಯಾಟ್ ಅಲ್ಲ! ಸ್ಪೀಕರ್‌ನಲ್ಲಿ ವೋಲ್ಟೂ ಕರೆಂಟೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದಿಲ್ಲ, ಒಂದು ಮುಂದೆ, ಇನ್ನೊಂದು ಹಿಂದೆ. ಹೋದ ಶಕ್ತಿಯಲ್ಲಿ ಒಂದು ಪಾಲು ಬಳಕೆಯಾಗದೆ ವಾಪಸ್ ಬರುತ್ತದೆ. ಕ್ಲ್ಯಾಂಪ್‌ಗೆ ಇದು ಕಾಣುವುದಿಲ್ಲ. ಹಾಗಾಗಿ ನೀವು ಅಳೆದದ್ದು 240 ವೋಲ್ಟ್-ಆಂಪಿಯರ್. ಅಲೆಯ ಒಂದು ಪೂರ್ತಿ ಸುತ್ತನ್ನು 360 ಡಿಗ್ರಿ ಅಂತ ಲೆಕ್ಕ ಹಿಡಿದು, ಎರಡರ ನಡುವೆ 40 ಡಿಗ್ರಿ ಅಂತರ ಇದ್ದರೆ ನಿಜವಾದ ವ್ಯಾಟ್ ಬರೀ 184. ಅಂತರ ಎಷ್ಟು ಅಂತ ನಿಮ್ಮ ಮೀಟರ್ ಹೇಳುತ್ತದಾ? ಇಲ್ಲ ಅಲ್ವಾ?

ಆಂಪ್ಲಿಫೈಯರ್‌ನ ತಾಕತ್ತು ನೋಡಬೇಕಾದರೆ ಸ್ಪೀಕರ್ ಬಿಚ್ಚಿ. 4 ಓಮ್‌ನ ದೊಡ್ಡ ರೆಸಿಸ್ಟರನ್ನು ಹೀಟ್‌ಸಿಂಕ್‌ಗೆ ಬಿಗಿದು ಅದನ್ನೇ ಲೋಡ್ ಮಾಡಿ. ರೆಸಿಸ್ಟರ್‌ನಲ್ಲಿ ಹಿಂದೆ ಮುಂದೆ ಅನ್ನೋ ಆಟ ಇಲ್ಲ, ಗುಣಿಸಿದ್ದು ವ್ಯಾಟೇ. ಎಂಜಿನ್ ಚಾಲೂ ಇರಲಿ, ಬ್ಯಾಟರಿ ವೋಲ್ಟ್ ಕುಸಿದರೆ ಪವರ್ ಕೂಡ ಕುಸಿಯುತ್ತದೆ. ವೋಲ್ಟಿಗೊಂದು, ಕರೆಂಟಿಗೊಂದು ಮೀಟರ್ ಇಟ್ಟು ಎರಡನ್ನೂ ಒಂದೇ ಕ್ಷಣದಲ್ಲಿ ಓದಿ. ಎರಡೂ ಟ್ರೂ ಆರ್‌ಎಂಎಸ್ ಮೀಟರ್, ಅಂದರೆ ಅಲೆಯ ಆಕಾರ ಹೇಗಿದ್ದರೂ ಸರಿಯಾಗಿ ಓದುವ ಮೀಟರ್ ಆಗಿರಲಿ. ಅಗ್ಗದ ಮೀಟರ್ ಸೈನ್ ಅಲೆಯನ್ನು ಸರಿಯಾಗಿಯೇ ಓದುತ್ತದೆ, ಆದರೆ ಗೇನ್ ತಿರುಗಿಸಿ ತಿರುಗಿಸಿ ಸಿಗ್ನಲ್ ಕ್ಲಿಪ್ ಆಗಿ, ಅಂದರೆ ಅಲೆಯ ತುದಿ ಕತ್ತರಿಸಿ ಹೋಗಿ, ಚೌಕ ಅಲೆಯಾದರೆ ಶೇ 11 ಜಾಸ್ತಿ ತೋರಿಸುತ್ತದೆ. ವೋಲ್ಟಿನಲ್ಲೂ ಅಷ್ಟು, ಕರೆಂಟಿನಲ್ಲೂ ಅಷ್ಟು, ಗುಣಿಸಿದಾಗ ಶೇ 23 ಬಿಟ್ಟಿ ವ್ಯಾಟ್! ಟೋನ್ 50 ಹರ್ಟ್ಸೇ ಇರಲಿ, ಎಷ್ಟೋ ಕ್ಲ್ಯಾಂಪ್‌ಗಳು ಮನೆ ಕರೆಂಟಿಗೆ ಅಂತ ಮಾಡಿದವು, ಅದರಾಚೆ ಅವುಗಳ ಮಾತು ನಂಬಬೇಡಿ.

ಸ್ಪೀಕರ್ ಮೇಲೇ ಟೋನ್ ಹಾಕುತ್ತೇನೆ ಅನ್ನೋರಿಗೆ: ಐದು ಸೆಕೆಂಡ್, ಸಾಕು. ಒಂದು ಸಲ ನಾನು ಟೋನ್ ಚಾಲೂ ಇಟ್ಟು, ಸೀಟಿನ ಕೆಳಗೆ ಬಿದ್ದ ಪ್ರೋಬ್ ಹುಡುಕುತ್ತಾ ಬಗ್ಗಿದ್ದೆ. ಪ್ರೋಬ್ ಸಿಗುವ ಮೊದಲೇ ಅಂಟು ಸುಟ್ಟ ವಾಸನೆ ಬಂತು. ಆಫ್ ಮಾಡಿ ಸ್ಪೀಕರ್‌ನ ಕೋನನ್ನು (ಮುಂದೆ ಅಲುಗಾಡುವ ಭಾಗ) ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಒಳಗೆ ಕರಕರ ಅಂತ ಕಾಯಿಲ್ ಉಜ್ಜುವ ಸದ್ದು. ಆ ಸಬ್‌ವೂಫರ್ ಅಲ್ಲಿಗೆ ಮುಗಿಯಿತು. ನನ್ನನ್ನು ಪುಕ್ಕಲ ಅಂದರೂ ಪರವಾಗಿಲ್ಲ, ಅಂದಿನಿಂದ ಒಂದು ಕೈ ಯಾವಾಗಲೂ ವಾಲ್ಯೂಮ್ ಮೇಲೇ.

ಪ್ರಶ್ನೆ: ಹಾಡು ಹಾಕಿ ಅಳೆದು 2000 ವ್ಯಾಟ್ ಬಂತು ಅಂತ ಫಿಟ್ಟಿಂಗ್ ಮಾಡಿದವರು ತೋರಿಸಿದರು. ನಂಬಬಹುದಾ?

ಉತ್ತರ: ಬೇಡ. ವೋಲ್ಟಿನ ಗರಿಷ್ಠ ಒಂದು ಬೀಟ್‌ನಲ್ಲಿ, ಕರೆಂಟಿನ ಗರಿಷ್ಠ ಇನ್ನೊಂದು ಬೀಟ್‌ನಲ್ಲಿ ಹಿಡಿದು ಗುಣಿಸಿರುತ್ತಾರೆ. ಆ ಎರಡೂ ಒಟ್ಟಿಗೆ ಎಂದೂ ಬಂದೇ ಇರುವುದಿಲ್ಲ. ಇದನ್ನು ಅಳತೆ ಅನ್ನುವುದಿಲ್ಲ, ಜಾತ್ರೆಯ ಗಾರುಡಿ ಅನ್ನುತ್ತಾರೆ.

ಪ್ರಶ್ನೆ: ಕ್ಲ್ಯಾಂಪ್ ಸೊನ್ನೆ ತೋರಿಸುತ್ತಿದೆ. ಮೀಟರ್ ಹಾಳಾಗಿದೆಯಾ?

ಉತ್ತರ: ಎರಡೂ ವೈರ್ ಒಳಗೆ ತೂರಿಸಿದ್ದೀರಿ. ಒಂದನ್ನು ಹೊರಗೆ ತೆಗೆಯಿರಿ.

ಪ್ರಶ್ನೆ: ಅದೇ ಮೀಟರನ್ನು ಬ್ಯಾಟರಿ ವೈರ್‌ಗೆ ಹಾಕಬಹುದಾ?

ಉತ್ತರ: ಡಿಸಿ ಓದುವ ಕ್ಲ್ಯಾಂಪ್ ಆಗಿದ್ದರೆ ಹಾಕಿ, ಮೊದಲು ಝೀರೋ ಮಾಡಿ. ಆದರೆ ಅಲ್ಲಿ ಸಿಗುವುದು ಒಳಗೆ ಹೋದ ಪವರ್, ಹೊರಗೆ ಬಂದದ್ದಲ್ಲ. ಉಳಿದದ್ದು ಶಾಖವಾಗಿ ಹೋಗುತ್ತದೆ, ಕ್ಲಾಸ್ ಎಬಿ ಬಗೆಯ ಆಂಪ್ಲಿಫೈಯರ್‌ನಲ್ಲಿ ಜಾಸ್ತಿ, ಕ್ಲಾಸ್ ಡಿ ಬಗೆಯದರಲ್ಲಿ ಕಡಿಮೆ.

ಪ್ರಶ್ನೆ: 4 ಓಮ್ ಸಬ್‌ವೂಫರ್ ಮಲ್ಟಿಮೀಟರ್‌ನಲ್ಲಿ 3.4 ತೋರಿಸುತ್ತದೆ. ವಾಪಸ್ ಕೊಡಲಾ?

ಉತ್ತರ: ಬೇಡ, ಸರಿಯಾಗೇ ಇದೆ.

ಪ್ರಶ್ನೆ: 1500 ವ್ಯಾಟ್ ಆಂಪ್ಲಿಫೈಯರ್, ಅದರ 30 ಆಂಪಿಯರ್ ಫ್ಯೂಸ್ ಪದೇ ಪದೇ ಹೋಗುತ್ತಿದೆ. 60 ಹಾಕಲಾ?

ಉತ್ತರ: ಹಾಕಿದರೆ ಮುಂದಿನ ಸಲ ಫ್ಯೂಸ್ ಬದಲು ವೈರ್ ಉರಿಯುತ್ತದೆ. ಅಂದಹಾಗೆ, 30 ಆಂಪಿಯರನ್ನು 14.4 ವೋಲ್ಟಿನಿಂದ ಗುಣಿಸಿದರೆ ಒಳಗೆ ಹೋಗುವುದೇ 432 ವ್ಯಾಟ್. 1500 ಎಲ್ಲಿಂದ ಬರುತ್ತದೆ ಅಂತ ಮಾರಿದವರನ್ನೇ ಕೇಳಿ.